ಮೂತ್ರಮಾರ್ಗದ ಗಾಯವೂ ಅದರ ದುರಸ್ತಿಯೂ



ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಈಗ ಶಾಂತಿಸಾಗರವೆಂದೂ ಹೆಸರುಂಟು. ಅದರ ಸಮೀಪದ ಕೆರೆಬಿಳಚಿಯ ಕಡೆಗೆ ಹೋಗಿ ಬಂದವರು ಆ ಸೀಮೆಯ ಅಡಿಕೆತೋಟಗಳನ್ನು ನೋಡಿ ಸಂತೋಷಪಟ್ಟಿರಬಹುದು. ಆ ಮರಗಳ ತುದಿಗೇರಿ ಕೊನೆ ಇಳಿಸುವವನ ಪಾಡನ್ನು ನೆನೆದವರು ಕಡಿಮೆ. ಕಾಲಿಗೆ ತಳೆ, ಕೈಯಲ್ಲಿ ಕತ್ತಿ, ಕೆಳಗೆ ಬರಿಯ ಬಯಲು. ಜಾರಿ ಬಿದ್ದರೆ ತಲೆಯೊಡೆಯುವುದು, ಬೆನ್ನು ಮುರಿಯುವುದು ಎಂಬುದನ್ನು ಎಲ್ಲರೂ ಬಲ್ಲರು. ಇವಲ್ಲದೆ ಇನ್ನೊಂದು ಗಾಯವುಂಟು. ಅದನ್ನು ಹೇಳಿಕೊಳ್ಳಲು ಬಿದ್ದವನೂ ನಾಚುವನು, ಕೇಳಲು ಮನೆಯವರೂ ನಾಚುವರು. ಈ ನಾಚಿಕೆಯಿಂದಲೇ ಹಾನಿಯು ಇಮ್ಮಡಿಯಾಗುತ್ತದೆ. ಆದುದರಿಂದ ಈ ದಿನ ಅದನ್ನು ಕುರಿತು ಬಿಚ್ಚಿ ಮಾತನಾಡಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಮೂತ್ರಾಶಯದಿಂದ ಮೂತ್ರವನ್ನು ಹೊರಕ್ಕೆ ಒಯ್ಯುವ ನಾಳವು ಗಂಡಸರಲ್ಲಿ ಸುಮಾರು ೨೦ ಸೆಂಟಿಮೀಟರು, ಎಂದರೆ ೮ ಅಂಗುಲ, ಉದ್ದವಾಗಿರುತ್ತದೆ. ಹೆಂಗಸರಲ್ಲಿ ಅದು ೪ ಸೆಂಟಿಮೀಟರಿನಷ್ಟು ಮಾತ್ರ; ಆದುದರಿಂದ ಈ ಆಪತ್ತು ಅವರಿಗೆ ಅಪರೂಪ. ಗಾಡಿಯ ಮೂಕಿಯ ಮೇಲೋ ಬೈಸಿಕಲ್ಲಿನ ಅಡ್ಡಕಂಬಿಯ ಮೇಲೋ ಕುದುರೆಯೇರಿದವನಂತೆ ಬಿದ್ದಾಗ, ಈ ನಾಳವು ಕಂಬಿಗೂ ಒಳಗಿನ ಎಲುಬಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಎತ್ತರದಿಂದ ಬಿದ್ದು, ಅಥವಾ ವಾಹನದ ಅಡಿಗೆ ಸಿಕ್ಕಿ, ಸೊಂಟದ ಎಲುಬಿನ ಬಳೆ ಮುರಿದರೆ ನಾಳವು ಇನ್ನೂ ಆಳದಲ್ಲಿ ಹರಿದು ಎರಡು ತುಂಡಾಗಲೂಬಹುದು.

ಇಂಥ ಗಾಯಕ್ಕೆ ಮೂರು ಸೂಚನೆಗಳುಂಟು: ಮೂತ್ರದ್ವಾರದಲ್ಲಿ ರಕ್ತ ಕಾಣುವುದು, ಮೂತ್ರ ಕಟ್ಟುವುದು, ಕಾಲುಗಳ ನಡುವೆ ಬಾವು ಬಂದು ಕಪ್ಪಗಾಗುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು. ಕರ್ನಾಟಕದಲ್ಲಿ ೨೦೦೮ರಿಂದ ೧೦೮ ಸಂಖ್ಯೆಗೆ ಕರೆ ಮಾಡಿದರೆ ವಾಹನ ಬರುವ ಏರ್ಪಾಡಿದೆ. ದಾರಿಯಲ್ಲಿ ರೋಗಿಯು ಮುಕ್ಕರಿದು ಮೂತ್ರ ಮಾಡಲು ಯತ್ನಿಸಬಾರದು. ಯಾರೂ ಕುರುಡಾಗಿ ಒಳಕ್ಕೆ ನಳಿಕೆ ತೂರಿಸಬಾರದು. ಅರ್ಧ ಹರಿದ ನಾಳವು ಆ ಬಲವಂತದಿಂದ ಪೂರ್ತಿ ಹರಿಯಬಹುದು. ವೈದ್ಯರು ಮೊದಲು ನಾಳದೊಳಕ್ಕೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವವನ್ನು ಹಾಯಿಸಿ ಚಿತ್ರ ತೆಗೆಯುತ್ತಾರೆ. ನಾಳ ಹರಿದಿದ್ದರೆ, ಹೊಟ್ಟೆಯ ಕೆಳಭಾಗದಿಂದ ನೇರವಾಗಿ ಮೂತ್ರಾಶಯಕ್ಕೆ ನಳಿಕೆಯಿಟ್ಟು, ಗಾಯಗೊಂಡ ದಾರಿಗೆ ವಿಶ್ರಾಂತಿ ಕೊಡುವುದುಂಟು.

ಆ ದಿನ ಹೇಗೋ ಮೂತ್ರ ಹೋಯಿತೆಂದು ಸುಮ್ಮನಾಗುವವರೂ ಇದ್ದಾರೆ. ಅಪಾಯವಿರುವುದು ಅಲ್ಲಿಯೇ. ಗಾಯ ಮಾಯುವಾಗ ಅಲ್ಲಿ ಗಡುಸಾದ ಕಲೆ ಬೆಳೆದು, ವಾರಗಳು ತಿಂಗಳುಗಳು ಕಳೆದಂತೆ ದಾರಿಯನ್ನು ಕಿರಿದು ಮಾಡುತ್ತದೆ. ಧಾರೆ ಸಣ್ಣಗಾಗುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ. ಹಿಂದೆ ನಿಂತ ಮೂತ್ರವು ಕೆಟ್ಟು, ಕಲ್ಲು ಕಟ್ಟಿ, ಮೂತ್ರಪಿಂಡಗಳಿಗೂ ಕೇಡಾಗಬಹುದು.

ಕಿರಿದಾದ ದಾರಿಯನ್ನು ಅಗಲಿಸುವ ಉಪಾಯ ಬಹಳ ಹಳೆಯದು. ತುಪ್ಪ ಸವರಿದ ನಳಿಕೆಗಳನ್ನು ಒಂದಕ್ಕಿಂತ ಒಂದು ದಪ್ಪವಾಗಿ ಬಳಸುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಆದರೆ ಹಿಗ್ಗಿಸಿದ ಕಲೆ ಬಹುಮಟ್ಟಿಗೆ ಮತ್ತೆ ಕುಗ್ಗುತ್ತದೆ. ದುರ್ಬೀನಿನ ಮೂಲಕ ನೋಡುತ್ತ ಒಳಗಿನಿಂದಲೇ ಕೊಯ್ದರೂ, ಗಾಯದಿಂದಾದ ಗಟ್ಟಿ ಕಲೆಯ ಮಟ್ಟಿಗೆ ಮರುಕಳಿಕೆಯೇ ಹೆಚ್ಚು. ಜೀವಮಾನವೆಲ್ಲ ನಳಿಕೆ ಹಾಕಿಸಿಕೊಳ್ಳುತ್ತ ಕಳೆಯುವ ಬಾಳು ಬೇಡವಾದರೆ, ಕಲೆಯನ್ನೇ ತೆಗೆದುಹಾಕಬೇಕು.

ಪೂರ್ತಿ ಹರಿದ ನಾಳವಾದರೆ ಶಸ್ತ್ರವೈದ್ಯರು ಸಾಮಾನ್ಯವಾಗಿ ೩ ತಿಂಗಳು ಕಾಯುತ್ತಾರೆ. ಬಾವಿಳಿದು ಕಲೆ ನೆಲೆಗೊಳ್ಳಬೇಕು. ಬಳಿಕ ಕಾಲುಗಳ ನಡುವಿನಿಂದ ಕೊಯ್ದು, ಕಲೆಯನ್ನು ಪೂರ್ತಿಯಾಗಿ ಕತ್ತರಿಸಿ, ಆರೋಗ್ಯವಾದ ಎರಡು ತುದಿಗಳನ್ನು ಎಳೆತವಿಲ್ಲದಂತೆ ತಂದು, ಕರಗುವ ಸಣ್ಣ ದಾರದಿಂದ ಹೊಲಿಯುತ್ತಾರೆ. ಕೆಲವು ವಾರ ಒಳಗೆ ನಳಿಕೆಯಿರುತ್ತದೆ. ಅನುಭವಿಗಳ ಕೈಯಲ್ಲಿ ಈ ಜೋಡಣೆಯು ೧೦ ಜನರಲ್ಲಿ ಸುಮಾರು ೯ ಜನರಿಗೆ ಗುಣ ಕೊಡುತ್ತದೆ. ಮೊದಲ ಪ್ರಯತ್ನ ಕೆಟ್ಟರೆ ಎರಡನೆಯದು ಕಷ್ಟತರ. ಆದುದರಿಂದ ಈ ಕೆಲಸದಲ್ಲಿಯೇ ಪಳಗಿದವರನ್ನು ಅರಸಿ ಹೋಗುವುದು ಒಳ್ಳೆಯದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರರೋಗಗಳಿಗೆಂದೇ ಸರ್ಕಾರದ ಪ್ರತ್ಯೇಕ ಸಂಸ್ಥೆಯಿದೆ.

ಕಿರಿದಾದ ಭಾಗ ಉದ್ದವಾಗಿದ್ದರೆ ತುದಿಗಳನ್ನು ಎಳೆದು ಸೇರಿಸಲಾಗದು; ಆಗ ತೇಪೆ ಬೇಕು. ಆ ತೇಪೆ ದೊರೆಯುವುದು ರೋಗಿಯ ಬಾಯಿಯಲ್ಲಿ! ಕೆನ್ನೆಯ ಒಳಪದರಕ್ಕೆ ಕೂದಲಿಲ್ಲ, ಸದಾ ತೇವದಲ್ಲಿರುವುದು ಅದಕ್ಕೆ ಅಭ್ಯಾಸ, ಗಾಯವಾದರೂ ಬೇಗ ಮಾಯುವುದು ಅದರ ಗುಣ. ಸಪೇಜ್ಕೋ ಎಂಬ ಶಸ್ತ್ರವೈದ್ಯನು ೧೮೯೪ರಲ್ಲಿಯೇ ಇದನ್ನು ಪ್ರಕಟಿಸಿದ್ದನು. ಲೋಕದಲ್ಲಿ ಅದು ರೂಢಿಗೆ ಬಂದದ್ದು ಸುಮಾರು ನೂರು ವರ್ಷಗಳ ತರುವಾಯ.

ಇಲ್ಲಿ ಅಡಿಕೆಯ ಮಾತು ಮತ್ತೊಮ್ಮೆ ಬರುತ್ತದೆ. ಅಡಿಕೆಯನ್ನೂ ಹೊಗೆಸೊಪ್ಪನ್ನೂ ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ಗಡುಸಾಗಿ ತೇಪೆಗೆ ಒದಗದಂತಾಗಬಹುದು. ಮರದಿಂದ ಬಿದ್ದವನಿಗೆ ಆ ಮರದ ಫಲವೇ ಚಿಕಿತ್ಸೆಗೂ ಅಡ್ಡ ಬರುವುದೆಂದರೆ ಎಂಥ ದುರ್ದೈವ!

ಕೇಳುತ್ತಿರುವ ನಿಮ್ಮಲ್ಲಿ ಮರ ಏರುವವರು ಇಲ್ಲದಿರಬಹುದು. ಏರಿಸುವವರು, ತೋಟವುಳ್ಳವರು, ಅವರ ಬಂಧುಗಳು ಇರಬಹುದು. ಬಿದ್ದವನನ್ನು ಎತ್ತಿದಾಗ, ಕೈಕಾಲು ನೆಟ್ಟಗಿವೆಯೇ ಎಂದು ಕೇಳುವುದರ ಜೊತೆಗೆ, "ಮೂತ್ರ ಹೋಯಿತೇನಪ್ಪಾ, ರಕ್ತವೇನಾದರೂ ಕಂಡಿತೇ?" ಎಂದು ಕೇಳಿರಿ. ತಿಂಗಳ ಮೇಲೆ ಮತ್ತೊಮ್ಮೆ ಕೇಳಿರಿ. ಹಾಗೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಕೇಳದೆ ಬಿಟ್ಟರೆ ಒಬ್ಬ ಮನುಷ್ಯನ ಬಾಳು ಕೆಡಬಹುದು.