ನಿಂತ ಬಂಡಿ, ಓಡುವ ಬಂಡಿ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಸಭೆಯಲ್ಲಿ ಹಳೆಯ ಸರಕು ಬಂಡಿಯೊಂದರ ವಿಚಾರವನ್ನು ಪ್ರಸ್ತಾಪಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಶಾಲೆ ಆರಂಭವಾದ 1925ರಲ್ಲಿಯೇ ಅಮೆರಿಕದ ಫೋರ್ಡ್ ಸಂಸ್ಥೆಯು ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ಉಕ್ಕಿನ ತೊಟ್ಟಿಯೊಂದನ್ನು ಜೋಡಿಸಿ, ಪಿಕಪ್ ವಾಹನವನ್ನು ಕಾರ್ಖಾನೆಯಿಂದಲೇ ಸಿದ್ಧಪಡಿಸಿ ಮಾರಾಟಕ್ಕಿಟ್ಟಿತು. ಹಾಗಾಗಿ ಆ ಬಂಡಿ ನಮ್ಮ ಶಾಲೆಯ ಸಮವಯಸ್ಕ. ಅವುಗಳಲ್ಲಿ ಕೆಲವು ಇಂದಿಗೂ ಅಲ್ಲಿನ ರಸ್ತೆಗಳಲ್ಲಿ ಓಡುತ್ತಿವೆ. ನೂರು ವರ್ಷದ ವಸ್ತುವೊಂದು ಕೆಲಸಕ್ಕೆ ಒದಗುವಂತೆ ಉಳಿಯುವುದು ಹೇಗೆ ಎಂಬ ಪ್ರಶ್ನೆ ಈ ವರ್ಷವೆಲ್ಲ ನಮ್ಮನ್ನು ಕಾಡಿದೆ. ಅದಕ್ಕೆ ಈ ಬಂಡಿಯಿಂದ ಕಲಿಯಬಹುದಾದದ್ದು ಬಹಳವಿದೆ ಎಂದು ನಮಗೆ ತೋರಿದೆ.

ಅದಕ್ಕೂ ಮೊದಲು ಅಮೆರಿಕದ ರೈತರು ಕಾರನ್ನು ಕೊಂಡು, ಬಡಗಿಯ ಬಳಿಗೆ ಒಯ್ದು, ಹಿಂಬದಿಗೆ ಮರದ ಪೆಟ್ಟಿಗೆ ಕಟ್ಟಿಸಿಕೊಳ್ಳುತ್ತಿದ್ದರು. ಹಾಲಿನ ಕ್ಯಾನು, ತರಕಾರಿ, ಮೊಟ್ಟೆ ಎಲ್ಲವೂ ಅದರಲ್ಲಿಯೇ ಸಂತೆಗೆ ಹೋಗಬೇಕಾಗಿತ್ತು. ಆ ಅಗತ್ಯವನ್ನು ಅರಿತು ಸಂಸ್ಥೆಯು ಸುಮಾರು 56 ಇಂಚು ಉದ್ದದ ತೊಟ್ಟಿ, ಇಳಿಸಿ ಏರಿಸಬಹುದಾದ ಹಿಂಬಾಗಿಲು, ಭಾರ ತಾಳುವ ಸ್ಪ್ರಿಂಗುಗಳನ್ನು ಒದಗಿಸಿತು. ಬೆಲೆ 281 ಡಾಲರ್. ಎಂಜಿನಿನ ಶಕ್ತಿ ಕೇವಲ 20 ಅಶ್ವಶಕ್ತಿ.

ಅದನ್ನು ಓಡಿಸುವುದೇ ಒಂದು ವಿದ್ಯೆ. ಇಂದಿನ ಚಾಲಕರನ್ನು ಅದರಲ್ಲಿ ಕುಳ್ಳಿರಿಸಿದರೆ ತಬ್ಬಿಬ್ಬಾಗುವರು. ಮೂರು ಪೆಡಲುಗಳಿದ್ದರೂ ವೇಗ ಹೆಚ್ಚಿಸುವ ಪೆಡಲ್ ಅವುಗಳಲ್ಲಿಲ್ಲ. ಅದು ಸ್ಟಿಯರಿಂಗ್ ಕೆಳಗಿನ ಕೈಸನ್ನೆಯಲ್ಲಿದೆ. ಎಡ ಪೆಡಲನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು. ನಡುವಿನದು ಹಿಂದಕ್ಕೆ ಚಲಿಸಲು, ಬಲದ್ದು ಬ್ರೇಕಿಗೆ. ಹ್ಯಾಂಡಲ್ ತಿರುಗಿಸಿ ಎಂಜಿನನ್ನು ಚಾಲೂ ಮಾಡುವಾಗ ಕಿಡಿಯ ಸಮಯವನ್ನು ಮೊದಲೇ ಹಿಂದಕ್ಕೆ ಸರಿಸಿರಬೇಕು. ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಿಸಬೇಕು. ಇಲ್ಲವಾದರೆ ಹ್ಯಾಂಡಲ್ ಹಿಮ್ಮುಖವಾಗಿ ಒದ್ದು ಕೈಯ ಮೂಳೆ ಮುರಿದೀತು. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿದೆ, ಅದನ್ನು ಎಂಜಿನಿಗೆ ತಲುಪಿಸಲು ಪಂಪು ಇಲ್ಲ, ಅದು ತಾನಾಗಿಯೇ ಇಳಿದು ಬರಬೇಕು. ಕಡಿದಾದ ಏರಿನಲ್ಲಿ ಟ್ಯಾಂಕು ಎಂಜಿನಿಗಿಂತ ತಗ್ಗಿಗೆ ಬರುವುದರಿಂದ ಪೆಟ್ರೋಲ್ ತಲುಪದು. ಆಗ ಚಾಲಕರು ಬಂಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಏರಿಸುತ್ತಿದ್ದರು. ಗುಡ್ಡವನ್ನು ಏರಲು ಬಂಡಿಯ ಸ್ವಭಾವವನ್ನು ಅರಿತವರಿಗೆ ಮಾತ್ರ ಸಾಧ್ಯವಿತ್ತು.

ಇಂತಹ ಬಂಡಿಯೊಂದು ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ದೊರೆತಾಗ ಪುನಶ್ಚೇತನಗೊಳಿಸುವವರು ಮೊದಲು ಬಣ್ಣದ ಡಬ್ಬವನ್ನು ಹುಡುಕುವುದಿಲ್ಲ. ಕಳಚುವ ಪ್ರತಿಯೊಂದು ಬೋಲ್ಟಿಗೂ ಚೀಟಿ ಕಟ್ಟಿ, ಯಾವುದು ಎಲ್ಲಿತ್ತೆಂದು ಬರೆದಿಟ್ಟುಕೊಳ್ಳುತ್ತಾರೆ. ಬ್ರೇಕು, ಇಂಧನದ ಕೊಳವೆ, ನೀರಿನ ರೇಡಿಯೇಟರು, ವಿದ್ಯುತ್ ಸುರುಳಿ ಇವೆಲ್ಲ ಸರಿಯಾದ ನಂತರವೇ ಬಣ್ಣದ ಸರದಿ. ಈ ಬಂಡಿಯ ಹಿಂದಿನ ಅಚ್ಚಿನೊಳಗೆ ಬ್ಯಾಬಿಟ್ ಎಂಬ ಮೆದು ಮಿಶ್ರಲೋಹದ ವಾಷರುಗಳಿವೆ. ಹೊರಗಿನಿಂದ ಅವು ಯಾರಿಗೂ ಕಾಣವು. ಹಳತಾದ ವಾಷರು ಪುಡಿಯಾದರೆ ಹಲ್ಲುಚಕ್ರಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ. ಪೆಡಲಿನ ಬ್ರೇಕು ಗೇರು ಪೆಟ್ಟಿಗೆಯಲ್ಲಿರುವುದರಿಂದ ಅದು ಚಕ್ರವನ್ನು ತಡೆಯಲಾರದು. ಇಳಿಜಾರಿನಲ್ಲಿ ಬಂಡಿ ನಿಲ್ಲದು. ಆದಕಾರಣ ಬಲ್ಲವರು ಅಚ್ಚನ್ನು ಬಿಚ್ಚಿ ಕಂಚಿನ ವಾಷರುಗಳನ್ನು ಹಾಕಿಸುತ್ತಾರೆ. ಮೂಲರೂಪಕ್ಕೆ ಇದರಿಂದ ಕುಂದಿಲ್ಲ; ಬಂಡಿ ಮೂಲ ಉದ್ದೇಶಕ್ಕೆ ಒದಗಬೇಕಾದರೆ ಆ ಬದಲಾವಣೆ ಆಗಲೇಬೇಕು.

ಇಷ್ಟೆಲ್ಲ ಮಾಡಿ ಬಂಡಿಯನ್ನು ಮತ್ತೆ ನಿಲ್ಲಿಸಿಬಿಟ್ಟರೆ ಏನಾಗುವುದು? ಟ್ಯಾಂಕಿನ ಪೆಟ್ರೋಲ್ ಹಳಸಿ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಎಣ್ಣೆ ಕೆಳಗಿಳಿದು ಒಳಭಾಗಗಳು ಒಣಗುತ್ತವೆ. ಟಯರು ಬಿರಿಯುತ್ತದೆ. ಓಟದಿಂದ ಸವೆಯುವುದಕ್ಕೆ ಬಿಡಿಭಾಗ ಹಾಕಬಹುದು, ನಿಲುಗಡೆಯಿಂದಾಗುವ ಹಾಳು ಎಲ್ಲ ಕಡೆಯಿಂದಲೂ ಒಟ್ಟಿಗೆ ಬರುತ್ತದೆ.

ನಮ್ಮ ದೇಶದಲ್ಲಿಯೂ 2021ರಲ್ಲಿ ಹಳೆಯ ವಾಹನಗಳಿಗೊಂದು ನಿಯಮ ಬಂದಿತು. ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಬದಲಾಗದ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅವುಗಳ ಸಂಖ್ಯಾಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಆದರೆ ಅವುಗಳನ್ನು ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ವಾಹನಗಳ ಮಟ್ಟಿಗೆ ಈ ನಿಯಮ ಯೋಗ್ಯವೇ ಆಗಿರಬಹುದು. ಆದರೆ ಗೌರವದ ಫಲಕ ದೊರೆತ ದಿನವೇ ದುಡಿಮೆ ಮುಗಿಯಿತು ಎಂಬ ಈ ಏರ್ಪಾಡು ಶಾಲೆಗೆ ಎಂದಿಗೂ ಅನ್ವಯವಾಗಬಾರದು. ಇದನ್ನು ಹೇಳುವುದಕ್ಕಾಗಿಯೇ ನಾವು ಈ ಬಂಡಿಯ ವಿಚಾರವನ್ನು ಇಲ್ಲಿಗೆ ತಂದೆವು.

ನಮ್ಮ ಕಾಸರಗೋಡಿನ ಗುಡ್ಡಗಾಡಿನ ಹಾದಿಗಳಲ್ಲಿ ಜೀಪುಗಳ ದುಡಿಮೆಯನ್ನು ಇಲ್ಲಿ ಕುಳಿತ ಹಿರಿಯರೆಲ್ಲ ಕಂಡವರು. ಅಡಿಕೆ ಮೂಟೆಯನ್ನೂ ರೋಗಿಯನ್ನೂ ಶಾಲೆಯ ಮಕ್ಕಳನ್ನೂ ಅವು ಹೊತ್ತವು. ಪೆಟ್ರೋಲ್ ಎಂಜಿನ್ ಸವೆದಾಗ ಡೀಸೆಲ್ ಎಂಜಿನ್ ಕೂರಿಸಿದರು, ಅಡಿತಟ್ಟು ಕೊಳೆತಾಗ ಹೊಸ ತಗಡು ಬೆಸೆದರು. ಯಾರೂ ಅವುಗಳಿಗೆ ಮಾಲೆ ಹಾಕಲಿಲ್ಲ. ಬೇಕಾಗಿದ್ದುದರಿಂದಲೇ ಅವು ಉಳಿದವು.

ಈ ಶಾಲೆಯ ಬಾಗಿಲು ತೆರೆದಾಗ ಈ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಗಡಿ ಸರಿಯಿತು, ಶಾಲೆ ಇದ್ದಲ್ಲಿಯೇ ಇದ್ದು ಕನ್ನಡದಲ್ಲಿ ಪಾಠ ಹೇಳುತ್ತಾ ಬಂದಿತು. ಮಾಡು ಬದಲಾಗಿದೆ, ಕರಿಹಲಗೆಯ ಪಕ್ಕದಲ್ಲಿ ಪರದೆ ಬಂದಿದೆ, ಮಕ್ಕಳು ಮಲಯಾಳವನ್ನೂ ಇಂಗ್ಲಿಷನ್ನೂ ಕಲಿಯುತ್ತಿದ್ದಾರೆ. ಇವೆಲ್ಲವೂ ಅಗತ್ಯವಾದ ಬಿಡಿಭಾಗಗಳು. ನಾವು ಅವುಗಳಿಗೆ ಹಿಂಜರಿದಿಲ್ಲ.

ಆದರೆ ಹೊರಗಿನವರ ಕಣ್ಣಿಗೆ ಬೀಳದ ವಾಷರೊಂದು ಇಲ್ಲಿಯೂ ಇದೆ. ಒಂದನೆಯ ತರಗತಿಯ ಮಗುವಿನ ಮಾತನ್ನು ಅರಿತು, ಅದೇ ಮಾತಿನಲ್ಲಿ ಲೆಕ್ಕವನ್ನೂ ಪರಿಸರವನ್ನೂ ತಿಳಿಸಬಲ್ಲ, ಕನ್ನಡ ಬಲ್ಲ ಶಿಕ್ಷಕರೇ ಅದು. ಅದರ ಸ್ಥಾನದಲ್ಲಿ ಹೊಂದದ ವಸ್ತುವನ್ನು ತುರುಕಿದರೆ ಕಟ್ಟಡ ಎಷ್ಟು ಹೊಳೆದರೂ ಇಳಿಜಾರಿನಲ್ಲಿ ಹಿಡಿತವಿರದು. ಆ ಹುದ್ದೆಗಳಿಗೆ ಕನ್ನಡ ಬಲ್ಲವರೇ ಬರಬೇಕೆಂದು ನಾವು ಮತ್ತೆ ಮತ್ತೆ ಮನವಿ ಬರೆಯುವುದು ಇದಕ್ಕಾಗಿಯೇ.

ಹಳೆ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ಈ ಉತ್ಸವಕ್ಕಾಗಿ ನೀವು ಮಹಾದ್ವಾರವನ್ನು ಕಟ್ಟಿಸಿಕೊಟ್ಟಿದ್ದೀರಿ, ಗೋಡೆಗಳಿಗೆ ಬಣ್ಣ ಬಳಿಸಿದ್ದೀರಿ. ನಾವು ಕೃತಜ್ಞರು. ಆದರೆ ಬಂಡಿಗೆ ಸವಾರರು ಬೇಕು. ಜೂನ್ ತಿಂಗಳಲ್ಲಿ ಶಾಲಾ ಪ್ರವೇಶೋತ್ಸವ ನಡೆಯುವಾಗ ನಿಮ್ಮ ಮನೆಯ, ನಿಮ್ಮ ನೆರೆಮನೆಯ ಪುಟ್ಟ ಮಕ್ಕಳ ಕೈ ಹಿಡಿದು ಆ ದ್ವಾರದ ಮೂಲಕ ಕರೆತನ್ನಿ. ದೂರದಲ್ಲಿ ನೆಲೆಸಿದವರು ಊರಿಗೆ ಬಂದಾಗ ಒಂದು ಗಂಟೆ ತರಗತಿಯಲ್ಲಿ ನಿಂತು, ನಿಮ್ಮ ವೃತ್ತಿಯ ವಿಚಾರವನ್ನು ಕನ್ನಡದಲ್ಲಿ ಮಕ್ಕಳಿಗೆ ತಿಳಿಸಿ. ವರ್ಕ್‌ಶಾಪು ನಡೆಸುವವರು ಹಳೆಯ ಎಂಜಿನೊಂದನ್ನು ತಂದು ಬಿಚ್ಚಿ ತೋರಿಸಿದರೂ ನಮಗದು ದೊಡ್ಡ ಪಾಠವೇ.

ಹಾಗಾದರೆ ನೂರರ ನಂತರದ ವರ್ಷವೂ ನಮಗೆ ಎಂದಿನ ದುಡಿಮೆಯ ವರ್ಷವಾದೀತು.