ಶೇಷ ಬಾರದಿದ್ದರೆ ಬಿಡಿ, ಬಂದರೆ ಅಚ್ಚು ಹಾಕಿ!

(ಚಿತ್ರದುರ್ಗದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಬಂದವನು. ಇವನೇನು ಕಂಪ್ಯೂಟರ್ ಮಾತಾಡುತ್ತಾನೆ ಎಂದು ನಗಬೇಡಿ!

ಹೊಳಲ್ಕೆರೆ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಪ್ರಾಜೆಕ್ಟ್ ವರದಿಗೆ ಬೈಂಡಿಂಗ್ ಮಾಡಿಸಲು ಬಂದಿದ್ದ. ಎರಡು ಸಂಖ್ಯೆಗಳ ನಡುವಿನ 'ಪ್ರೈಮ್ ನಂಬರ್' ಹುಡುಕುವ ಪ್ರೋಗ್ರಾಂ. "ಹೇಗೆ ಹುಡುಕುತ್ತೆ ತಮ್ಮಾ?" ಎಂದೆ. ಇಂಗ್ಲಿಷಿನಲ್ಲಿ ಗಿಣಿಪಾಠ ಒಪ್ಪಿಸಿದ. "ಕನ್ನಡದಲ್ಲಿ ಹೇಳು" ಎಂದೆ. ತಲೆ ತಗ್ಗಿಸಿದ. "ನಾಳೆ ವೈವಾ ಸಾರ್. ನನಗೇ ಅರ್ಥ ಆಗಿಲ್ಲ" ಎಂದ. ಓದುವ ಕಾಲಕ್ಕೆ ನಾನೂ ಹೀಗೆ ತಲೆ ತಗ್ಗಿಸಿದವನೇ. ಪ್ರೂಫ್ ಹಾಳೆಯ ಬೆನ್ನಿಗೆ ಬರೆಯುತ್ತಾ ಇಬ್ಬರೂ ಕೂತೆವು.

ಅವಿಭಾಜ್ಯ ಸಂಖ್ಯೆ! ಹೆಸರೇ ಅರ್ಥ ಹೇಳುತ್ತದೆ, ಭಾಗವಾಗದ್ದು. 12 ಕರಪತ್ರಗಳನ್ನು 3 ಸಮ ಕಟ್ಟು ಮಾಡಬಹುದು. 13 ಇದ್ದರೆ? ಒಂದೇ ಕಟ್ಟು, ಇಲ್ಲವೇ ಬಿಡಿಬಿಡಿ. ಬೇರೆ ದಾರಿಯಿಲ್ಲ.

ಈಗ 100ರಿಂದ 130ರವರೆಗೆ ಹುಡುಕೋಣ. 113 ತೆಗೆದುಕೊಳ್ಳಿ. 112ರ ತನಕ ಎಲ್ಲದರಿಂದಲೂ ಭಾಗಿಸಬೇಕೆ? ಬೇಡ. 11×11 ಎಂದರೆ 121, ಆಗಲೇ 113 ದಾಟಿತು. ಹಾಗಾಗಿ 113ಕ್ಕೆ ಅಪವರ್ತನ ಇದ್ದರೆ ಒಂದಾದರೂ 11ರ ಒಳಗೆ ಇರಲೇಬೇಕು. 2, 3, 5, 7 ನೋಡಿದರೆ ಸಾಕು. ಯಾವುದಕ್ಕೂ ಬಗ್ಗಲಿಲ್ಲ, ಅವಿಭಾಜ್ಯ! 119 ಮಾತ್ರ ವೇಷಗಾರ: 7×17.

ಇನ್ನು ಪ್ರೋಗ್ರಾಂ:

1. ಆರಂಭ 100, ಕೊನೆ 130.
2. ಪ್ರತಿ ಸಂಖ್ಯೆಗೂ ಭಾಜಕ 2ರಿಂದ ಶುರು.
3. ಭಾಗಿಸು. ಶೇಷ ಸೊನ್ನೆಯಾದರೆ ಬಿಟ್ಟು ಮುಂದಿನ ಸಂಖ್ಯೆಗೆ ಹೋಗು.
4. ಇಲ್ಲವಾದರೆ ಭಾಜಕಕ್ಕೆ 1 ಕೂಡಿಸು. ಭಾಜಕದ ವರ್ಗ ಸಂಖ್ಯೆಯನ್ನು ದಾಟುವ ತನಕ ಇದೇ ಕೆಲಸ.
5. ದಾಟಿದರೆ, ಆ ಸಂಖ್ಯೆಯನ್ನು 'ಪ್ರಿಂಟ್' ಮಾಡು. ಇದು ನಮ್ಮ ಕಸುಬಿನ ಮಾತು!

ಸಿಕ್ಕಿದ್ದು ಆರು: 101, 103, 107, 109, 113, 127.

ಇಷ್ಟರಲ್ಲಿ ಕನ್ನಡಕ್ಕೆ ಬಾರದ್ದು ಯಾವುದಿತ್ತು? 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ. ಇಂದಿನ ಪೈಥಾನ್‌ನಲ್ಲಿ 'ಸಂಖ್ಯೆ', 'ಭಾಜಕ', 'ಶೇಷ' ಎಂಬ ಹೆಸರುಗಳನ್ನು ನಮ್ಮ ಲಿಪಿಯಲ್ಲೇ ಇಡಬಹುದು. ಆಜ್ಞೆಯ ನಾಲ್ಕು ಪದ ಇಂಗ್ಲಿಷ್ ಇರಲಿ, ಕಲಿಯಿರಿ. ಆದರೆ ತಿಳಿಯದೆ ಬಾಯಿಪಾಠ ಮಾಡಿದ್ದು ಯಾವ ಭಾಷೆಯದಾದರೇನು, ವಿದ್ಯೆಯಲ್ಲ!

ಮರುದಿನ ಸಂಜೆ ಹುಡುಗ ಮತ್ತೆ ಬಂದ. "119 ಯಾಕೆ ಬರಲಿಲ್ಲ ಅಂತ ಕೇಳಿದರು ಸಾರ್. ಹೇಳಿದೆ!" ಎಂದ. ಈ ಸಲ ತಲೆ ಎತ್ತಿಯೇ ಇತ್ತು.

ಹಿರಿಯೂರು, ಹೊಸದುರ್ಗದ ಗೆಳೆಯರೇ, ಬಸ್ಸಿನಲ್ಲಿ ಹೋಗುವಾಗ 130ರಿಂದ 150ರವರೆಗೆ ನೀವೇ ಹುಡುಕಿ. ನಾಲ್ಕು ಸಿಗಬೇಕು. ಸಿಕ್ಕವನ್ನು ಪಕ್ಕದವನಿಗೆ ಕನ್ನಡದಲ್ಲಿ ವಿವರಿಸಿ.