ಉದ್ಯೋಗ ಸಿಕ್ಕಿದರೆ ಕಲಿಕೆ ಮುಗಿಯಿತೇ?



ನಮ್ಮ ಸಮುದಾಯದಲ್ಲಿ ಶಿಕ್ಷಣದ ಕಾಳಜಿ ಬೆಳೆದಿದೆ. ಆದರೆ ಆ ಕಾಳಜಿ ಸೀಟು ಮತ್ತು ಸಂಬಳದೊಂದಿಗೆ ಮುಗಿದುಬಿಡುತ್ತದೆ. ನಲ್ವತ್ತರ ಪ್ರಾಯದ ವಕೀಲರೋ ಅಧ್ಯಾಪಕಿಯೋ ಮತ್ತೆ ಕಲಿಯಬೇಕೆಂದರೆ ಮನೆಯವರೇ ನಗುತ್ತಾರೆ.

ಇಂಥವರಿಗಾಗಿಯೇ ಅಮೇರಿಕದ ಸರಕಾರವು 1978ರಲ್ಲಿ, ಮಾಜಿ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯವರ ಹೆಸರಿನಲ್ಲಿ ಫೆಲೋಶಿಪ್ ಒಂದನ್ನು ಆರಂಭಿಸಿತು. ಅದರ ನಿಯಮಗಳು ಚಿಂತನಾರ್ಹ. ಪದವಿಯ ಬಳಿಕ ಐದು ವರ್ಷಗಳ ವೃತ್ತಿ ಅನುಭವ ಮತ್ತು ಸಾರ್ವಜನಿಕ ಸೇವೆಯ ಹಿನ್ನೆಲೆಯನ್ನು ಅದು ಕೇಳಿತು. ವಿಶ್ವವಿದ್ಯಾಲಯದಲ್ಲಿ ಸುಮಾರು ಹತ್ತು ತಿಂಗಳ ಕಲಿಕೆ, ಆದರೆ ಪದವಿಯಿಲ್ಲ. ಕಲಿತವರು ತಾಯ್ನಾಡಿಗೆ ಮರಳಬೇಕೆಂಬುದು ಅದರ ಆಶಯ.

ಇದನ್ನು ಬರೀ ಔದಾರ್ಯವೆಂದು ಭ್ರಮಿಸಬೇಕಾಗಿಲ್ಲ. ಸ್ವಹಿತವನ್ನು ನೋಡದೆ ಯಾವ ಸರಕಾರವೂ ಅನ್ಯರಿಗಾಗಿ ಬೊಕ್ಕಸ ತೆರೆಯುವುದಿಲ್ಲ. 2003ರಲ್ಲಿ ಇರಾಕ್‌ನ ಮೇಲೆ ದಾಳಿ ಮಾಡಿದ ದೇಶವೂ ಅದುವೇ. ಹಾಗೆಂದು ಕಲಿಕೆಗೆ ಬೆನ್ನು ತಿರುಗಿಸಬೇಕೇ? ಬದ್ರ್‌ನಲ್ಲಿ ಸೆರೆಸಿಕ್ಕ ಅಕ್ಷರಸ್ಥ ಶತ್ರುಗಳು ಮದೀನದ ಮಕ್ಕಳಿಗೆ ಓದುಬರಹ ಕಲಿಸಿದರೆ ಅದನ್ನೇ ಬಿಡುಗಡೆಯ ಬೆಲೆಯಾಗಿ ಸ್ವೀಕರಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಅಲ್ಲಿ ಅಕ್ಷರವನ್ನು ಪಡೆಯಲಾಯಿತು, ವಿವೇಕವನ್ನು ಒತ್ತೆಯಿಡಲಿಲ್ಲ.

ಆದ್ದರಿಂದ ಅರ್ಹರು ಇಂತಹ ಅವಕಾಶಗಳಿಗೆ ಅರ್ಜಿ ಹಾಕಲಿ. ಆದರೆ ಪರರ ಬೊಕ್ಕಸವನ್ನೇ ಎಷ್ಟುಕಾಲ ಕಾಯುವುದು? ನಮ್ಮ ಜಮಾಅತ್‌ಗಳು ವಿದ್ಯಾರ್ಥಿವೇತನ ನೀಡುವಾಗ ಅಂಕಪಟ್ಟಿಯನ್ನು ನೋಡುತ್ತವೆ. ಹತ್ತು ವರ್ಷ ದುಡಿದ ನರ್ಸ್ ಅಥವಾ ಅಧ್ಯಾಪಕಿ ಒಂದು ವರ್ಷ ಕಲಿಯಲು ಹೊರಟರೆ ಆ ಮನೆಯ ಖರ್ಚನ್ನು ವಹಿಸಿಕೊಳ್ಳುವ ನಿಧಿ ನಮ್ಮಲ್ಲೇಕಿರಬಾರದು? ಅಂಥವರನ್ನು ತಡೆಯುತ್ತಿರುವುದು ಪ್ರತಿಭೆಯ ಕೊರತೆಯಲ್ಲ, ಒಲೆಯ ಚಿಂತೆ.

ಅಲ್ಲಾಹನು ಅನುಗ್ರಹಿಸಲಿ.